ದಿವಾಳಿಯಾದ ಊರಿಗೆ ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಿಂದ ಬರಲಿರುವ ತಂಗಿಯೊಬ್ಬರು ನಿನ್ನೆ ಈ ಗುಂಪಿನಲ್ಲಿ ಕೇಳಿದ್ದರು: "ಅಕ್ಕಾ, ನಮ್ಮ ಯಜಮಾನರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ ಸಿಕ್ಕಿದೆ. ಆದ್ರೆ ಆ ಊರಿನ ಕೌನ್ಸಿಲ್ ದಿವಾಳಿ ಆಗಿದೆಯಂತೆ. ಮಗನಿಗೆ ಹತ್ತು ವರ್ಷ, ಮಗಳಿಗೆ ಮೂರೂವರೆ. ಬರಬಹುದಾ?" ಕೆಳಗೆ ಎಷ್ಟೊಂದು ಜನ "ಬೇಡ, ಬೇರೆ ಊರು ನೋಡಿ" ಅಂತ ಬರೆದಿದ್ದೀರಿ. ನಾನು ಈ ಊರಿಗೆ ಬಂದು 14 ವರ್ಷವಾಯಿತು. ಎರಡು ಮಕ್ಕಳನ್ನು ಇಲ್ಲೇ ಬೆಳೆಸಿದ್ದೇನೆ. ಸುಮ್ನೆ ಇರಲು ಮನಸ್ಸಾಗಲಿಲ್ಲ. ಸ್ವಲ್ಪ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ಮೊದಲು ಆ "ದಿವಾಳಿ" ಅನ್ನುವ ಮಾತು. 2023ರ ಸೆಪ್ಟೆಂಬರ್ 5ರಂದು ಇಲ್ಲಿಯ ನಗರ ಪಾಲಿಕೆಯಾದ ಬರ್ಮಿಂಗ್‌ಹ್ಯಾಮ್ ಸಿಟಿ ಕೌನ್ಸಿಲ್ "ಸೆಕ್ಷನ್ 114" ನೋಟಿಸ್ ಹೊರಡಿಸಿತು. 1988ರ ಕಾಯ್ದೆಯೊಂದರ ಕಲಮು ಅದು. ಬರುವ ಹಣಕ್ಕಿಂತ ಖರ್ಚು ಜಾಸ್ತಿಯಾಗುತ್ತದೆ ಅಂತ ಕಂಡರೆ, ಕೌನ್ಸಿಲ್‌ನ ಹಣಕಾಸು ಅಧಿಕಾರಿಯೇ ಈ ನೋಟಿಸ್ ಕೊಡಬೇಕು. ಅಂದಿನಿಂದ ಹೊಸ ಖರ್ಚು ನಿಲ್ಲುತ್ತದೆ. ಅಂಗಡಿ ಮುಚ್ಚಿದ ಹಾಗೆ ಕೌನ್ಸಿಲ್ ಮುಚ್ಚುವುದಿಲ್ಲ. ಕಾನೂನು ಮಾಡಲೇಬೇಕು ಅಂತ ಹೇಳಿರುವ ಕೆಲಸಗಳು ನಡೆಯಲೇಬೇಕು: ಮಕ್ಕಳ ರಕ್ಷಣೆ, ವಯಸ್ಸಾದವರ ಆರೈಕೆ, ಪ್ರತಿ ಮಗುವಿಗೂ ಶಾಲೆಯಲ್ಲಿ ಜಾಗ, ಕಸ ಎತ್ತುವುದು. ಶಾಲೆಗಳ ಹಣ ಕೇಂದ್ರ ಸರ್ಕಾರದಿಂದ ಬೇರೆಯಾಗಿ ಬರುತ್ತದೆ, ಅದನ್ನು ಕೌನ್ಸಿಲ್ ಬೇರೆಯದಕ್ಕೆ ಬಳಸುವಂತಿಲ್ಲ. ಹಾಗಾಗಿ ನಿಮ್ಮ ಮಗಳ ತರಗತಿಗೆ ಬೀಗ ಬೀಳುವುದಿಲ್ಲ. ಪೆಟ್ಟು ಬೀಳುವುದು ಉಳಿದವಕ್ಕೆ: ಬಡಾವಣೆಯ ಗ್ರಂಥಾಲಯದ ಸಮಯ, ಹದಿಹರೆಯದವರ ಕೇಂದ್ರಗಳು, ನಾಟಕ ಸಂಗೀತದ ಸಂಸ್ಥೆಗಳಿಗೆ ಕೊಡುತ್ತಿದ್ದ ನೆರವು. ಅದು ಸಣ್ಣ ಪೆಟ್ಟಲ್ಲ, ಮಕ್ಕಳಿರುವ ಮನೆಗೆ ಚೆನ್ನಾಗಿ ತಿಳಿಯುತ್ತದೆ.

ಇಲ್ಲಿಗೆ ಹೇಗೆ ಬಂತು? ಕೇಂದ್ರದ ಅನುದಾನ 2010ರ ನಂತರ ಕಡಿಮೆಯಾಗುತ್ತಾ ಬಂತು. ಆರೇಕಲ್ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರ್ ಹಾಕಲು ಹೋಗಿ ಸುಮಾರು 2 ಕೋಟಿ ಪೌಂಡ್‌ನ ಕೆಲಸ 2023ರ ಹೊತ್ತಿಗೆ 10 ಕೋಟಿಯ ಹತ್ತಿರಕ್ಕೆ ಹೋಯಿತು. ಆದರೆ ದೊಡ್ಡ ಹೊರೆ ಸಮಾನ ವೇತನದ್ದು. ಇದನ್ನು ಎಲ್ಲರೂ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನನಗೆ ಹಾಗೆ ಮುಗಿಸಲು ಆಗುವುದಿಲ್ಲ.

ಕೌನ್ಸಿಲ್‌ನಲ್ಲಿ ಅಡುಗೆ ಮಾಡುವವರು, ಗುಡಿಸಿ ಒರೆಸುವವರು, ಮುದುಕರನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರು. ಕಸ ಎತ್ತುವವರು, ರಸ್ತೆ ಗುಡಿಸುವವರು, ಸ್ಮಶಾನದಲ್ಲಿ ಗುಂಡಿ ತೋಡುವವರು ಹೆಚ್ಚಾಗಿ ಗಂಡಸರು. ಕೆಲಸದ ದರ್ಜೆ ಒಂದೇ. ಗಂಡಸರಿಗೆ ಮಾತ್ರ ಮೇಲೆ ಬೋನಸ್ ಸಿಗುತ್ತಿತ್ತು, ವರ್ಷಗಟ್ಟಲೆ. ಹೆಂಗಸರು ಕೋರ್ಟಿಗೆ ಹೋದರು. 2012ರಲ್ಲಿ ಸುಪ್ರೀಂ ಕೋರ್ಟ್ ಅವರ ದಾರಿ ತೆರೆಯಿತು: ಕೆಲಸ ಬಿಟ್ಟು ಆರು ತಿಂಗಳಾದ ಮೇಲೂ ಸಿವಿಲ್ ಕೋರ್ಟಿನಲ್ಲಿ ಬಾಕಿ ಕೇಳಬಹುದು ಅಂತ. ಅಲ್ಲಿಂದ ಕೌನ್ಸಿಲ್ ಸುಮಾರು 110 ಕೋಟಿ ಪೌಂಡ್ ಕೊಡಬೇಕಾಯಿತು. ಅದಕ್ಕೆ ಹಣ ಹೊಂದಿಸಲು 2015ರಲ್ಲಿ ಎನ್‌ಇಸಿ ವಸ್ತುಪ್ರದರ್ಶನ ಕೇಂದ್ರ ನಡೆಸುವ ಸಂಸ್ಥೆಯನ್ನೇ ಮಾರಿತು. ಆಮೇಲೂ ಬಾಕಿ ಉಳಿದಿತ್ತು. 2023ರ ಬೇಸಿಗೆಯಲ್ಲಿ ಕೌನ್ಸಿಲ್ ಹೇಳಿದ ಅಂದಾಜು 65ರಿಂದ 76 ಕೋಟಿ.

"ಆ ಹೆಂಗಸರಿಂದ ಊರು ಮುಳುಗಿತು" ಅಂತ ನಮ್ಮವರೇ ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ನನ್ನ ಮಗಳು ರಿಸೆಪ್ಷನ್, ಅಂದರೆ ಇಲ್ಲಿಯ ಶಾಲೆಯ ಮೊದಲ ತರಗತಿಗೆ ಸೇರಿದಾಗ ಅವಳಿಗೆ ಇಂಗ್ಲಿಷ್ ನಾಲ್ಕು ಮಾತೂ ಬರುತ್ತಿರಲಿಲ್ಲ. ಶಾಲೆಯಲ್ಲಿ ಊಟ ಬಡಿಸುವ ಒಬ್ಬ ಹೆಂಗಸು ಮೊದಲ ವಾರವೇ ನನ್ನನ್ನು ಗೇಟಿನ ಹತ್ತಿರ ಹಿಡಿದು, ಏನು ತಿನ್ನುತ್ತಾಳೆ, ಏನು ತಿನ್ನಲ್ಲ ಅಂತ ಒಂದೊಂದಾಗಿ ಕೇಳಿಕೊಂಡರು. ಜೆಲ್ಲಿಯಲ್ಲಿ ಪ್ರಾಣಿಯ ಮೂಳೆ ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ, ಅವರೇ ಹೇಳಿದರು. ಶುಕ್ರವಾರ ಎಲ್ಲರ ತಟ್ಟೆಯಲ್ಲಿ ಜೆಲ್ಲಿ ಇದ್ದಾಗ ಇವಳ ತಟ್ಟೆಯಲ್ಲಿ ಹೆಚ್ಚಿದ ಸೇಬು ಇರುತ್ತಿತ್ತು, ಮೇಲೆ ಒಂದು ದ್ರಾಕ್ಷಿ. ಅಂಥವರ ದುಡಿಮೆಯ ಬಾಕಿ ಅದು. ಸಾಲ ಮಾಡಿದ್ದು ಅವರಲ್ಲ, ಕೊಡಬೇಕಾದ್ದನ್ನು ಕೊಡದೆ ಇಟ್ಟುಕೊಂಡವರು.

ಕಸದ ವಿಷಯವೂ ಇದೇ ಗಂಟಿಗೆ ಸೇರಿದೆ. 2025ರ ಮಾರ್ಚ್ 11ರಿಂದ ಕಸ ಎತ್ತುವವರು ಪೂರ್ತಿ ಮುಷ್ಕರಕ್ಕೆ ಇಳಿದರು. ಲಾರಿಯ ಜೊತೆ ಹೋಗುವ ಒಂದು ಹುದ್ದೆಯನ್ನೇ ಕೌನ್ಸಿಲ್ ತೆಗೆದುಹಾಕಿತ್ತು. ಅದನ್ನು ಇಟ್ಟುಕೊಂಡರೆ ಮತ್ತೆ ಸಮಾನ ವೇತನದ ದಾವೆ ಬರುತ್ತದೆ ಅಂತ ಕೌನ್ಸಿಲ್, ನಮ್ಮ ಸಂಬಳ ಕಡಿತವಾಗುತ್ತದೆ ಅಂತ ಯೂನಿಯನ್. ಆ ತಿಂಗಳ ಕೊನೆಗೆ 17,000 ಟನ್ ಕಸ ಬೀದಿಯಲ್ಲಿತ್ತು. ನೀವು ಪೇಪರಿನಲ್ಲಿ ನೋಡಿದ ಚಿತ್ರಗಳು ಆಗಿನವು.

ಈಗ ಹಿಂದಿನ ಕಥೆ. ಈ ಊರನ್ನು ಈಚಿನ ಕೆಲವು ವರ್ಷದಿಂದಷ್ಟೇ ಅಳೆಯಬೇಡಿ ಅಂತ ನನ್ನ ಆಸೆ.

1838ರವರೆಗೆ ಬರ್ಮಿಂಗ್‌ಹ್ಯಾಮ್‌ಗೆ ಚುನಾಯಿತ ಕೌನ್ಸಿಲ್ ಇರಲಿಲ್ಲ. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ, ಎಲ್ಲಿ ನೋಡಿದರೂ ಅಂಗಿಯ ಗುಂಡಿ, ಮೊಳೆ, ಪೆನ್ನಿನ ನಿಬ್ಬು ಮಾಡುವ ಕಾರ್ಖಾನೆ. ಆಡಳಿತ ಮಾತ್ರ ಹಳ್ಳಿ ಕಾಲದ್ದು. ಆ ವರ್ಷ ಸನ್ನದು ಸಿಕ್ಕಿ ಕೌನ್ಸಿಲ್ ಹುಟ್ಟಿತು. 1850ರ ದಶಕದಲ್ಲಿ ಅದು ಖರ್ಚು ಅಂದರೆ ಬೆಚ್ಚಿಬೀಳುವವರ ಕೈಯಲ್ಲಿತ್ತು. ವುಡ್‌ಮನ್ ಅನ್ನುವ ಹೆಂಡದಂಗಡಿಯಲ್ಲಿ ಸೇರಿ ಕೌನ್ಸಿಲ್ ಏನು ಮಾಡಬೇಕು ಅಂತ ಮೊದಲೇ ತೀರ್ಮಾನಿಸುತ್ತಿದ್ದರು. ತೆರಿಗೆ ಕಡಿಮೆ ಇತ್ತು. ಕುಡಿಯುವ ನೀರು ಚರಂಡಿ ಸೇರಿದ ಬಾವಿಯದು, ಮಕ್ಕಳು ಸಾಯುತ್ತಿದ್ದರು.

ಬದಲಾವಣೆ ಮೊದಲು ಬಂದದ್ದು ಚರ್ಚುಗಳಿಂದ. ಜಾರ್ಜ್ ಡಾಸನ್ ಅನ್ನುವ ಬೋಧಕರು, ಊರನ್ನು ಚೆನ್ನಾಗಿ ನಡೆಸುವುದೂ ದೇವರ ಕೆಲಸವೇ ಅಂತ ಸಾರಿದರು. ಆ ಮಾತು ಕೇಳಿದ ವ್ಯಾಪಾರಿಗಳು ಕೌನ್ಸಿಲ್‌ಗೆ ನಿಂತರು. ಅವರಲ್ಲಿ ಸ್ಕ್ರೂ ತಯಾರಿಸುತ್ತಿದ್ದ ಜೋಸೆಫ್ ಚೇಂಬರ್ಲೇನ್ ಒಬ್ಬರು. 1873ರಿಂದ 76ರವರೆಗೆ ಮೂರೇ ವರ್ಷ ಮೇಯರ್. ಅಷ್ಟರಲ್ಲಿ 1875ರಲ್ಲಿ ಗ್ಯಾಸ್ ಕಂಪನಿಗಳನ್ನು, 1876ರಲ್ಲಿ ನೀರಿನ ಕಂಪನಿಯನ್ನು ಊರಿನ ಸ್ವತ್ತಾಗಿ ಕೊಂಡರು. ಗ್ಯಾಸಿನಿಂದ ಲಾಭ ಬರಲಿ, ಅದು ಊರಿಗೆ ಸೇರಲಿ. ನೀರಿನಿಂದ ಲಾಭ ಬೇಡ, ಅದು ಜನರ ಆರೋಗ್ಯ. ಈ ವ್ಯತ್ಯಾಸವನ್ನು ಆ ಕಾಲದಲ್ಲೇ ಕಂಡರಲ್ಲ, ಅದು ನನಗೆ ದೊಡ್ಡದು. ಕೊಳೆಗೇರಿ ಕೆಡವಿ ಕಾರ್ಪೊರೇಷನ್ ಸ್ಟ್ರೀಟ್ ಮಾಡಿದ್ದೂ ಅವರ ಯೋಜನೆಯೇ. ಅಲ್ಲಿದ್ದ ಬಡವರಿಗೆ ಬದಲು ಮನೆ ಸಾಕಷ್ಟು ಕಟ್ಟಲಿಲ್ಲ, ಅದನ್ನೂ ಹೇಳಬೇಕು.

ನೀವು ಬಂದ ಮೇಲೆ ವಿಕ್ಟೋರಿಯಾ ಸ್ಕ್ವೇರ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಗುಮ್ಮಟವಿರುವ ದೊಡ್ಡ ಕಟ್ಟಡ ಕೌನ್ಸಿಲ್ ಹೌಸ್, 1879ರಲ್ಲಿ ಮುಗಿದದ್ದು. ಅದರ ಪಕ್ಕಕ್ಕೇ ಅಂಟಿಕೊಂಡಿದೆ 1885ರಲ್ಲಿ ತೆರೆದ ಮ್ಯೂಸಿಯಂ. ಕಲೆಗೆ ಅಂತ ಖರ್ಚು ಮಾಡಲು ಆಗ ಕಾನೂನಿನ ಮಿತಿ ಇತ್ತು. ಹಾಗಾಗಿ ಗ್ಯಾಸ್ ಸಮಿತಿ ತನ್ನ ಹೊಸ ಕಚೇರಿ ಕಟ್ಟಿಸುವಾಗ ಮೇಲಿನ ಮಹಡಿಯನ್ನು ಚಿತ್ರಶಾಲೆಗೆ ಬಿಟ್ಟುಕೊಟ್ಟಿತು. ದುಡಿಮೆಯ ಗಳಿಕೆಯಿಂದ ಕಲೆಯನ್ನು ಬೆಳೆಸುತ್ತೇವೆ ಅಂತ ಕಲ್ಲಿನಲ್ಲಿ ಬರೆಸಿದ್ದಾರೆ. ನನ್ನ ಮಗ ಆರು ವರ್ಷದವನಿದ್ದಾಗ ಆ ಸಾಲನ್ನು ಬೆರಳಿಟ್ಟು ಗಾಳಿಯಲ್ಲಿ ಗೆರೆ ಎಳೆಯುತ್ತಾ ಓದಿ, "ಅಮ್ಮಾ, ಗ್ಯಾಸ್ ಮಾರಿ ಪೇಂಟಿಂಗ್ ತಂದ್ರಾ?" ಅಂತ ಕೇಳಿದ. ಹೌದು ಮರಿ ಅಂದೆ.

ನಲ್ಲಿ ನೀರಿನ ಕಥೆಯನ್ನೂ ಮಕ್ಕಳಿಗೆ ಹೇಳಿ. ಕೌನ್ಸಿಲ್ 1892ರಲ್ಲಿ ಪಾರ್ಲಿಮೆಂಟಿನ ಅನುಮತಿ ಪಡೆದು ವೇಲ್ಸ್‌ನ ಏಲನ್ ಕಣಿವೆಯಲ್ಲಿ ಅಣೆಕಟ್ಟುಗಳನ್ನು ಕಟ್ಟಿಸಿತು. 1904ರಲ್ಲಿ ನೀರು ಬಂತು. 73 ಮೈಲಿ, ಅಂದರೆ ಸುಮಾರು 118 ಕಿಲೋಮೀಟರ್. ಪಂಪು ಇಲ್ಲ. ಉದ್ದಕ್ಕೂ ಇಳಿಜಾರು ಇಟ್ಟಿದ್ದಾರೆ, 2,300 ಅಡಿ ದೂರಕ್ಕೆ ಒಂದು ಅಡಿ ಇಳಿತ. ನೀರು ನಡೆದುಕೊಂಡು ಬಂದ ಹಾಗೆ ಒಂದೂವರೆ ದಿನ ತೆಗೆದುಕೊಂಡು ಬರುತ್ತದೆ. ಕಾವೇರಿಯನ್ನು ಅಷ್ಟು ಮೇಲಕ್ಕೆ ಪಂಪಿನಲ್ಲಿ ಎತ್ತಿ ಕುಡಿಯುವ ಬೆಂಗಳೂರಿನಲ್ಲಿ ಬೆಳೆದ ನನಗೆ ಇದನ್ನು ಮೊದಲು ಕೇಳಿದಾಗ ನಂಬಲು ಆಗಿರಲಿಲ್ಲ. ಆ ಕಣಿವೆಯಲ್ಲಿ ನೂರರಷ್ಟು ಜನ ಮನೆ, ಚರ್ಚು, ಶಾಲೆ ಕಳೆದುಕೊಂಡರು. ಜಮೀನಿನ ಒಡೆಯರಿಗೆ ಮಾತ್ರ ಪರಿಹಾರ ಸಿಕ್ಕಿತು. ಮುಳುಗಡೆ ಅನ್ನುವ ಮಾತಿನ ಭಾರ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

1889ರಲ್ಲಿ ಊರಿಗೆ ಸಿಟಿ ಅನ್ನುವ ಪಟ್ಟ. 1911ರಲ್ಲಿ ಸುತ್ತಲಿನ ಊರುಗಳು ಸೇರಿ ದೊಡ್ಡದಾಯಿತು. ಆಮೇಲೆ ಗ್ಯಾಸು 1940ರ ದಶಕದ ಕೊನೆಗೆ ದೇಶದ ಸ್ವತ್ತಾಯಿತು, ನೀರು 1974ರಲ್ಲಿ ಕೈಬಿಟ್ಟಿತು. ಊರಿನ ಗಳಿಕೆಯ ದಾರಿಗಳು ಹೋದವು, ಜವಾಬ್ದಾರಿಗಳು ಉಳಿದವು.

ಈಗ ನಡೆಸುವುದು ಯಾರು? 69 ವಾರ್ಡು, 101 ಕೌನ್ಸಿಲರ್‌ಗಳು. 2018ರಿಂದ ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಸೀಟಿಗೂ ಒಟ್ಟಿಗೆ ಚುನಾವಣೆ. ಅವರೇ ಒಬ್ಬ ಲೀಡರ್‌ನನ್ನು ಆರಿಸುತ್ತಾರೆ, ಆತ ಕ್ಯಾಬಿನೆಟ್ ಕಟ್ಟುತ್ತಾರೆ. ಚಿನ್ನದ ಸರ ಹಾಕಿಕೊಂಡ ಲಾರ್ಡ್ ಮೇಯರ್ ಬೇರೆ, ಅವರದು ಗೌರವದ ಹುದ್ದೆ. ಜನರೇ ನೇರವಾಗಿ ಮೇಯರ್ ಆರಿಸಬೇಕಾ ಅಂತ 2012ರಲ್ಲಿ ಕೇಳಿದಾಗ ಊರು ಬೇಡ ಅಂದಿತು. ನಮ್ಮಲ್ಲಿ ಪಾಲಿಕೆ ಅಂದರೆ ಐಎಎಸ್ ಕಮಿಷನರ್. ಇಲ್ಲಿ ಹಾಗಿಲ್ಲ, ಅಧಿಕಾರಿಗಳು ಕೌನ್ಸಿಲ್‌ನ ನೌಕರರು. 2023ರ ಅಕ್ಟೋಬರ್‌ನಲ್ಲಿ ಸರ್ಕಾರ ಕಮಿಷನರ್‌ಗಳನ್ನು ಕಳಿಸಿದ್ದು ಈ ತೊಂದರೆ ಬಂದಿದ್ದಕ್ಕೇ. ಬಸ್ಸು ಟ್ರಾಮು ಸುತ್ತಲಿನ ಪ್ರದೇಶಕ್ಕೆಲ್ಲ ಸೇರಿ ಆರಿಸುವ ವೆಸ್ಟ್ ಮಿಡ್‌ಲ್ಯಾಂಡ್ಸ್ ಮೇಯರ್ ಕೈಯಲ್ಲಿ, ಆಸ್ಪತ್ರೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕೈಯಲ್ಲಿ.

ದುಡ್ಡಿನ ಮಾತು. ಪ್ರತಿ ಮಾರ್ಚ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಿಲ್ ಬರುತ್ತದೆ. ಬಾಡಿಗೆ ಮನೆಯಾದರೂ ಸಾಮಾನ್ಯವಾಗಿ ನೀವೇ ಕಟ್ಟಬೇಕು. 2024ರಲ್ಲಿ ನೂರಕ್ಕೆ 9.99, 2025ರಲ್ಲಿ 7.49 ಏರಿತು. ಮನೆಯ ಬ್ಯಾಂಡ್, ಅಂದರೆ ತೆರಿಗೆಯ ದರ್ಜೆ, 1991ರ ಬೆಲೆಯ ಮೇಲೆ ನಿಂತಿದೆ, ಮನೆ ನೋಡುವಾಗ ಬ್ಯಾಂಡ್ ಕೇಳಿ. ಬಜೆಟ್ ಹಾಕುವಾಗ ಇದನ್ನು ಬಾಡಿಗೆಯ ಜೊತೆಗೇ ಸೇರಿಸಿಕೊಳ್ಳಿ.

ಮಕ್ಕಳ ಶಾಲೆಗೆ ತಾರೀಖು ಬರೆದಿಟ್ಟುಕೊಳ್ಳಿ. ಮಗಳ ರಿಸೆಪ್ಷನ್ ಅರ್ಜಿಗೆ ಜನವರಿ 15 ಕೊನೆ, ಉತ್ತರ ಏಪ್ರಿಲ್ 16ರ ಹೊತ್ತಿಗೆ. ಮಗನ ಸೆಕೆಂಡರಿಗೆ ಅಕ್ಟೋಬರ್ 31 ಕೊನೆ, ಉತ್ತರ ಮಾರ್ಚ್ 1ಕ್ಕೆ. ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುವ "ಗ್ರಾಮರ್" ಶಾಲೆಗಳು ಊರಿನಲ್ಲಿ ಎಂಟಿವೆ, ಆ ಪರೀಕ್ಷೆ ಆರನೇ ಇಯರ್‌ನ ಸೆಪ್ಟೆಂಬರ್‌ನಲ್ಲಿ. ನಮ್ಮವರೆಲ್ಲ ಅದರ ಹಿಂದೆ ಬೀಳುತ್ತಾರೆ. ಈಗಷ್ಟೇ ದೇಶ ಬದಲಿಸಿದ ಹತ್ತು ವರ್ಷದ ಹುಡುಗನಿಗೆ ಬಂದ ತಿಂಗಳೇ ಟ್ಯೂಷನ್ ಹಚ್ಚಬೇಡಿ. ಒಬ್ಬ ಗೆಳೆಯ ಸಿಗಲಿ ಮೊದಲು. ಗ್ರಾಮರ್ ಅಲ್ಲದ ಒಳ್ಳೆಯ ಶಾಲೆಗಳು ಎಷ್ಟೋ ಇವೆ, ನನ್ನ ಮಗ ಅಂಥದ್ದರಲ್ಲೇ ಓದಿದ್ದು.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮಗೆ ಇಲ್ಲಿ ಓಟು ಇದೆ! ಭಾರತದ ಪಾಸ್‌ಪೋರ್ಟ್ ಇದ್ದರೂ, ವೀಸಾದಲ್ಲಿದ್ದರೂ, ನಾವು ಕಾಮನ್‌ವೆಲ್ತ್ ದೇಶದವರಾದ್ದರಿಂದ ಕೌನ್ಸಿಲ್ ಚುನಾವಣೆಗೂ ಪಾರ್ಲಿಮೆಂಟ್ ಚುನಾವಣೆಗೂ ಮತ ಹಾಕಬಹುದು. ಪೌರತ್ವ ಸಿಗುವವರೆಗೆ ಕಾಯಬೇಕು ಅಂತ ನಾನು ಐದು ವರ್ಷ ಸುಮ್ನೆ ಕೂತಿದ್ದೆ. ಈ ಗುಂಪಿನಲ್ಲೂ ಹಾಗೇ ಅಂದುಕೊಂಡವರು ಬಹಳ ಜನ ಇದ್ದೀರಿ. ಆನ್‌ಲೈನ್‌ನಲ್ಲಿ ಹೆಸರು ಸೇರಿಸಲು ಐದು ನಿಮಿಷ ಸಾಕು. ಮತಗಟ್ಟೆಯಲ್ಲಿ ಗುರುತಿಗೆ ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ಖಾಯಂ ನೆಲೆಯ ಅನುಮತಿ ಸಿಕ್ಕ ಮೇಲೆ ಅದೇ ಪಾಸ್‌ಪೋರ್ಟ್‌ನಲ್ಲೇ ಚುನಾವಣೆಗೆ ನಿಲ್ಲಲೂ ಬಹುದು. ಕಲಬುರಗಿ ಕಡೆಯ ನೀರಜ್ ಪಾಟೀಲ್ ಅವರು ಲಂಡನ್ನಿನ ಲ್ಯಾಂಬೆತ್ ಕೌನ್ಸಿಲ್‌ಗೆ 2010ರಲ್ಲಿ ಮೇಯರ್ ಆದರು. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತಿರುವುದು ಅದೇ ಲ್ಯಾಂಬೆತ್‌ನಲ್ಲಿ.

ಓಟು ಹಾಕಿ ಸುಮ್ಮನಾಗಬೇಡಿ. ಕೌನ್ಸಿಲರ್‌ಗಳು ಜನರನ್ನು ಕಂಡು ಮಾತಾಡುವುದಕ್ಕೆ ಇಲ್ಲಿ "ಸರ್ಜರಿ" ಅನ್ನುತ್ತಾರೆ. ನಾವು ಮೂವರು ತಾಯಂದಿರು, ಒಬ್ಬರು ಪಾಕಿಸ್ತಾನದ ಕಡೆಯ ಮೀರ್‌ಪುರದವರು, ಒಬ್ಬರು ಇಲ್ಲಿಯವರೇ, ಒಂದು ಶನಿವಾರ ಗ್ರಂಥಾಲಯದ ಮಕ್ಕಳ ಮೂಲೆಯ ಸಣ್ಣ ಕುರ್ಚಿಗಳ ಮೇಲೆ ಕೂತು, ಶಾಲೆಯ ಮುಂದೆ ರಸ್ತೆ ದಾಟಲು ಕಷ್ಟ ಅಂತ ಹೇಳಿದೆವು. ಕೌನ್ಸಿಲರ್ ಕೂಡ ಅಂಥದ್ದೇ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮುಂದಿನ ವರ್ಷ ರಸ್ತೆಗೆ ಬಿಳಿ ಪಟ್ಟೆ ಬಿತ್ತು. ನನ್ನ ಮಗಳು ಈಗಲೂ ಅದನ್ನು "ಅಮ್ಮನ ಜೀಬ್ರಾ" ಅನ್ನುತ್ತಾಳೆ.

ಆದ್ದರಿಂದ ತಂಗೀ, ಬನ್ನಿ. ಮನೆ ಗೊತ್ತಾದ ದಿನ ಪೋಸ್ಟ್‌ಕೋಡ್ ನನಗೆ ಖಾಸಗಿಯಾಗಿ ಕಳಿಸಿ, ಯಾವ ವಾರ್ಡು, ಹತ್ತಿರದ ಗ್ರಂಥಾಲಯ ಯಾವ ದಿನ ತೆರೆದಿರುತ್ತದೆ ನೋಡಿ ಹೇಳುತ್ತೇನೆ. ಮಗಳಿಗೆ ಕಂಪಾಸು ಬಾಕ್ಸು, ಬಣ್ಣದ ಪೆನ್ಸಿಲ್ ಅಂತ ಸೂಟ್‌ಕೇಸ್ ತುಂಬಬೇಡಿ, ಎಲ್ಲ ಶಾಲೆಯಲ್ಲೇ ಕೊಡುತ್ತಾರೆ. ಆ ಜಾಗದಲ್ಲಿ ಕನ್ನಡದ ಕಥೆ ಪುಸ್ತಕ ತನ್ನಿ.