ಮೊದಲ ಫರ್‌ಸೂಟ್ ತಲೆ: ಫೋಮ್, ಫರ್ ಎಷ್ಟು ಬೇಕು, ಎಲ್ಲಿ ಕೆಡುತ್ತೆ?

ಪ್ರಶ್ನೆ: ಪಿಟ್ಸ್‌ಬರ್ಗ್‌ನ ಆಂಥ್ರೊಕಾನ್‌ಗೆ (ಪ್ರಾಣಿ ಪಾತ್ರಗಳ ಅಭಿಮಾನಿಗಳು, ಅಂದ್ರೆ ಫರ್ರಿಗಳು ಸೇರೋ ಸಮಾವೇಶ) ನನ್ನ ಫರ್ಸೋನಾದ, ಅಂದ್ರೆ ನಾನು ಕಟ್ಟಿಕೊಂಡ ಪ್ರಾಣಿ ಪಾತ್ರದ, ವೇಷದ ತಲೆ (ಫರ್‌ಸೂಟ್ ತಲೆ) ನಾನೇ ಮಾಡಿಕೊಂಡು ಹೋಗಬೇಕು ಅಂತಿದೀನಿ. ನರಿ, ಕಂದು ಬಣ್ಣ, ಕೆನ್ನೆ ಬಿಳಿ. ಹೊಲಿಗೆ ಸುಮಾರಾಗಿ ಬರುತ್ತೆ, ಕನ್ನಡಕ ಇದೆ. ಗೊತ್ತಿದ್ದವರು ಹೇಳಿ.

ಬೂದುತೋಳ: ಸೋಫಾ ಕುಶನ್‌ಗೆ ಹಾಕೋ ಫೋಮ್ ಸಾಕು. ಬುರುಡೆಗೆ 1 ಇಂಚು ದಪ್ಪದ್ದು, ಕಿವಿ ಮತ್ತು ರೆಪ್ಪೆಗೆ ಅರ್ಧ ಇಂಚಿನದು. ಬಾಲಕ್ಲಾವಾ (ತಲೆ, ಮುಖ ಮುಚ್ಚೋ) ಟೋಪಿ ಮೇಲೆ ತುಂಡುಗಳನ್ನು ಹಾಟ್ ಗ್ಲೂನಿಂದ ಅಂಟಿಸಿ, ಆಮೇಲೆ ಕತ್ತರಿಯಲ್ಲಿ ಮೂತಿ, ಕೆನ್ನೆ ಕೆತ್ತಿ. ಬರೀ ಫೋಮ್ ನೋಡಿದಾಗ ತಲೆ ಸ್ವಲ್ಪ ಚಿಕ್ಕದಾಯ್ತು ಅನ್ನಿಸಬೇಕು. ಆಗಲೇ ಸರಿಯಾಗಿ ಕಂಡರೆ, ಫರ್ (ಕೂದಲಿರೋ ಕೃತಕ ಬಟ್ಟೆ) ಹಾಕಿದ ಮೇಲೆ ಕುಂಬಳಕಾಯಿ ಆಗುತ್ತೆ. ಅಳತೆ ನೋಡುವಾಗಲೆಲ್ಲ ಕನ್ನಡಕ ಹಾಕಿಕೊಂಡೇ ಇರಿ. ಕಿವಿ ಹತ್ತಿರ ಫೋಮ್ ಒತ್ತಿದರೆ ಅರ್ಧ ಗಂಟೆಯಲ್ಲಿ ತಲೆನೋವು.

ದರ್ಜಿಬೆಕ್ಕು: ತಲೆ ಕೆಡೋದು ಹೆಚ್ಚಾಗಿ ಫರ್ ಹಂತದಲ್ಲೇ. 60 ಇಂಚು ಪನ್ನದ್ದಾದರೆ ಕಂದು ಒಂದು ಗಜ, ಬಿಳಿ ಅರ್ಧ ಗಜ ತಗೊಳ್ಳಿ. ಅಗ್ಗದ ಫರ್ ಬೇಡ, ಬುಡದ ಬಟ್ಟೆ ಕಾಣುತ್ತೆ. ಉಳಿಸೋದಾದರೆ ಬೇರೆ ಕಡೆ ಉಳಿಸಿ.

ಫೋಮ್ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಕ್ಟ್ ಟೇಪ್ ಸುತ್ತಿ. ಹೊಲಿಗೆ ಬರೋ ಜಾಗದಲ್ಲಿ ಗೆರೆ ಎಳೆದು, ಪ್ರತಿ ತುಂಡಿನಲ್ಲೂ ಕೂದಲು ಮಲಗೋ ದಿಕ್ಕಿಗೆ ಬಾಣ ಹಾಕಿ: ಮೂಗಿನಿಂದ ಹಿಂದಕ್ಕೆ, ಕೆನ್ನೆಯಲ್ಲಿ ಹೊರಕ್ಕೆ ಮತ್ತು ಕೆಳಕ್ಕೆ. ಗೆರೆಗುಂಟ ಟೇಪ್ ಕತ್ತರಿಸಿ ಬಿಡಿಸಿದರೆ ಅದೇ ಫರ್ ಕತ್ತರಿಸೋ ಮಾದರಿ. ಬಾಣ ಮರೆತರೆ ಒಂದೇ ಬಣ್ಣದ ಎರಡು ತುಂಡು ಬೆಳಕಿಗೆ ಬೇರೆ ಬೇರೆ ಬಣ್ಣವಾಗಿ ಕಾಣುತ್ತವೆ. ಒಂದು ಕೆನ್ನೆ ಕತ್ತರಿಸಿದ ಮೇಲೆ ಮಾದರಿಯನ್ನು ಮಗುಚಿ ಹಾಕಿ, ಇಲ್ಲದಿದ್ದರೆ ಎರಡೂ ಎಡಗೆನ್ನೆಯೇ. ಫರ್‌ಗೆ ಕತ್ತರಿ ಮುಟ್ಟಿಸಬೇಡಿ, ಹಿಂಬದಿಯಿಂದ ಬ್ಲೇಡಿನಲ್ಲಿ ಬಟ್ಟೆ ಮಾತ್ರ ಸೀಳಿ. ಹೊಲಿದಾದ ಮೇಲೆ ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಸೂಜಿಯಿಂದ ಎಬ್ಬಿಸಿದರೆ ಗೆರೆ ಮಾಯ.

ಮೂತಿಯ ಫರ್ ಗಿಡ್ಡ ಮಾಡೋಕೆ ನಾಯಿ ಕೂದಲು ಕತ್ತರಿಸೋ ಕ್ಲಿಪ್ಪರ್. ಉದ್ದದ ಗಾರ್ಡಿನಿಂದ ಶುರು ಮಾಡಿ ಇಳಿಸುತ್ತಾ ಬನ್ನಿ. ಗಾರ್ಡ್ ಇಲ್ಲದೆ ಓಡಿಸಿದರೆ ಬಟ್ಟೆಯೇ ತೂತು ಬೀಳುತ್ತೆ, ಬೋಳಾದ ಜಾಗ ಮತ್ತೆ ಬೆಳೆಯಲ್ಲ.

ಕಾಡುಪಾಪ: ಕಣ್ಣಿಗೆ ಕ್ರಾಸ್ ಸ್ಟಿಚ್‌ನ ಪ್ಲಾಸ್ಟಿಕ್ ಜಾಲರಿ ಅಥವಾ ಬಕ್ರಮ್ (ಗಟ್ಟಿ ಜಾಲರಿ ಬಟ್ಟೆ). ಅಕ್ರಿಲಿಕ್ ಬಣ್ಣ ತೆಳ್ಳಗೆ ಎರಡು ಮೂರು ಸಲ, ಒದ್ದೆ ಇರುವಾಗಲೇ ಊದಿ ತೂತು ತೆರೆಯಿರಿ. ಒಳಮುಖಕ್ಕೆ ಕಪ್ಪು ಕಡ್ಡಾಯ, ಬಿಳಿ ಇದ್ದರೆ ಕಣ್ಣು ಕುಕ್ಕಿ ಎದುರಿಗಿದ್ದವರೇ ಕಾಣಲ್ಲ. ಜಾಲರಿಯನ್ನು ರೆಪ್ಪೆಗಿಂತ ಒಳಗೆ ತಗ್ಗಿಸಿ ಕೂರಿಸಿದರೆ ನರಿ ಎಲ್ಲರನ್ನೂ ಹಿಂಬಾಲಿಸಿ ನೋಡಿದಂತಿರುತ್ತೆ.

ಪ್ರಶ್ನೆ ಕೇಳಿದವರು: ಕನ್ನಡಕಕ್ಕೆ ಆವಿ ಕೂತರೆ?

ನೀರುನಾಯಿ: ಬಾಯಿ ತೆರೆದಿರಲಿ, ಒಳಗೆ ಕಪ್ಪು ಜಾಲರಿ ಬಟ್ಟೆ ಹಾಕಿ. ಮೂತಿಯೊಳಗೆ 5 ವೋಲ್ಟಿನ 40 ಮಿ.ಮೀ. ಫ್ಯಾನ್, ಜೇಬಲ್ಲಿ ಪವರ್ ಬ್ಯಾಂಕ್. ಫ್ಯಾನಿಗೆ ಗಾರ್ಡ್ ಬೇಕೇಬೇಕು, ಗಡ್ಡ ಸಿಕ್ಕಿಕೊಳ್ಳುತ್ತೆ. ಬೇಸಿಗೆ ಬೇರೆ, ಅರ್ಧ ಗಂಟೆಗೊಮ್ಮೆ ಹೆಡ್‌ಲೆಸ್ ಲೌಂಜ್‌ಗೆ (ವೇಷದವರು ತಲೆ ತೆಗೆದು ಸುಧಾರಿಸಿಕೊಳ್ಳೋ ಕೋಣೆ) ಹೋಗಿ ತಲೆ ತೆಗೆದು ನೀರು ಕುಡಿಯಿರಿ. ಜೊತೆಗೊಬ್ಬ ಹ್ಯಾಂಡ್ಲರ್ (ವೇಷವಿಲ್ಲದೆ ದಾರಿ ನೋಡಿಕೊಳ್ಳೋ ಸಹಾಯಕ) ಇರಲಿ. ಕಾಲ ಬುಡದಲ್ಲಿರೋ ಮಕ್ಕಳು ಒಳಗಿನಿಂದ ಕಾಣೋದೇ ಇಲ್ಲ.

ಬೂದುತೋಳ: ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ತಲೆ ಬಿಡಬೇಡಿ, ಹಾಟ್ ಗ್ಲೂ ಮೆತ್ತಗಾಗಿ ಕಿವಿ ಜಾರುತ್ತೆ.

ನೀರುನಾಯಿ: ಹಾಕಿ ತೆಗೆದ ಮೇಲೆ ಒಳಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಬೆರೆಸಿ ಸ್ಪ್ರೇ ಮಾಡಿ, ಟೇಬಲ್ ಫ್ಯಾನ್ ಮುಂದೆ ಒಣಗಿಸಿ. ಹೇರ್ ಡ್ರೈಯರ್ ಬಿಸಿಗೆ ಫರ್ ತುದಿ ಸುರುಟುತ್ತೆ. ಕಣ್ಣಿನ ಜಾಲರಿಗೆ ಸ್ಪ್ರೇ ತಾಗಬಾರದು, ಆಲ್ಕೋಹಾಲ್ ಅಕ್ರಿಲಿಕ್ ಬಣ್ಣ ಎಬ್ಬಿಸಿಬಿಡುತ್ತೆ.