ತಮ್ಮನ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ಚಿಕ್ಕಮ್ಮ, ನೀವು ಬೆಳಿಗ್ಗೆ ಮನೆಯವರ ಗ್ರೂಪಿಗೆ ಹಾಕಿದ ವಾಯ್ಸ್ ಈಗ ಕೇಳಿದೆ. ತಮ್ಮನ ಬಿಸಿಎ ಮುಗಿಯಿತು, ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ನೆಟ್‌ವರ್ಕಿಂಗ್, ಕ್ಲೌಡ್, ಸೈಬರ್ ಸೆಕ್ಯುರಿಟಿ ಮೂರೂ ಸೇರಿ ಮೂರು ತಿಂಗಳ ಕೋರ್ಸ್. 85 ಸಾವಿರ, ನಾಳೆ ಸಂಜೆಯೊಳಗೆ ಕಟ್ಟಿದರೆ 60 ಸಾವಿರ, ಕೆಲಸ ಗ್ಯಾರಂಟಿ. ಕಟ್ಟಬಹುದಾ ಅಂತ ಕೇಳಿದ್ದೀರಿ. ನಾಳೆ ಕಟ್ಟಬೇಡಿ. ಯಾಕೆ ಅಂತ ನಿಧಾನಕ್ಕೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮುಗಿಸಿಕೊಂಡು ಕೇಳಿ, ತಮ್ಮನಿಗೂ ಕೇಳಿಸಿ.

ಸರ್ಟಿಫಿಕೇಟ್ ಕೊಡುವುದು ಯಾರು ಅಂತ ಮೊದಲು ಕೇಳಿ. ಕೋರ್ಸ್ ಮುಗಿಸಿದ್ದಾನೆ ಅಂತ ಇನ್‌ಸ್ಟಿಟ್ಯೂಟ್‌ನವರು ತಮ್ಮ ಲೋಗೋ ಹಾಕಿ ಪ್ರಿಂಟ್ ಮಾಡಿ ಕೊಡುವ ಕಾಗದ ಬೇರೆ. ಸಿಸ್ಕೋ, ಮೈಕ್ರೋಸಾಫ್ಟ್, ಅಮೆಜಾನ್‌ನಂಥ ಕಂಪನಿಗಳು ಪರೀಕ್ಷೆ ಇಟ್ಟು ಕೊಡುವುದು ಬೇರೆ. ನಮ್ಮ ಆಫೀಸಿನಲ್ಲಿ ನೋಡುವುದು ಈ ಎರಡನೆಯದನ್ನು. ಅದು ಅಸಲಿಯೋ ಅಲ್ಲವೋ ಅಂತ ಆನ್‌ಲೈನ್‌ನಲ್ಲಿ ಕೂತಲ್ಲೇ ಪರೀಕ್ಷಿಸಬಹುದು. ಮೊದಲನೆಯ ಕಾಗದವನ್ನು ಯಾರೂ ತಿರುಗಿಸಿ ಸಹ ನೋಡುವುದಿಲ್ಲ. ಇನ್ನೊಂದು ವಿಷಯ, ಇಂಥ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಕ್ಲಾಸಿಗೆ ಹೋಗಲೇಬೇಕು ಅನ್ನುವ ನಿಯಮವೇ ಇಲ್ಲ. ಮನೆಯಲ್ಲಿ ಓದಿ, ಫೀಸ್ ಕಟ್ಟಿ, ನೇರವಾಗಿ ಬರೆಯಬಹುದು. ಫೋನ್ ಮಾಡಿದ ಆ ಹುಡುಗಿ ಇದನ್ನು ಹೇಳಿರುವುದಿಲ್ಲ, ಅಲ್ವಾ?

ಹಾಗಂತ ಕ್ಲಾಸ್ ದಂಡ ಅನ್ನುತ್ತಿಲ್ಲ. ತಮ್ಮನಂಥವರಿಗೆ ಎದುರು ಕೂತು ಹೇಳಿಕೊಡುವವರು ಇದ್ದರೆ ಒಳ್ಳೆಯದೇ. ಆದರೆ ಯಾವ ಪರೀಕ್ಷೆ ಅಂತ ಮೊದಲು ತೀರ್ಮಾನ ಆಗಬೇಕು, ಆಮೇಲೆ ಅದನ್ನು ಚೆನ್ನಾಗಿ ಹೇಳಿಕೊಡುವವರನ್ನು ಹುಡುಕಬೇಕು. ಈಗ ಆಗುತ್ತಿರುವುದು ತಿರುಗಾಮುರುಗಾ. ಅವನು ಸೋಮವಾರಪೇಟೆಯಲ್ಲಿ ಹೋಂಸ್ಟೇಗಳಿಗೆ ವೈಫೈ ಹಾಕಿಕೊಡುತ್ತಾ ಓಡಾಡುತ್ತಾನಲ್ಲ, ಅವನ ಆಸಕ್ತಿ ನೆಟ್‌ವರ್ಕಿಂಗ್. ಹಾಗಿದ್ದರೆ ಸಿಸ್ಕೋದವರ ಸಿಸಿಎನ್‌ಎ ಅನ್ನುವ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಒಂದನ್ನೇ ಹಿಡಿಯಲಿ. ಎರಡು ಗಂಟೆಯ ಪರೀಕ್ಷೆ, ಪಾಸಾದರೆ ಮೂರು ವರ್ಷ ನಡೆಯುತ್ತದೆ. ಅದೊಂದಕ್ಕೇ ಹೊಸಬರಿಗೆ ನಾಲ್ಕೈದು ತಿಂಗಳು ಬೇಕು. ಮೂರು ತಿಂಗಳಲ್ಲಿ ಮೂರು ವಿಷಯ ಅಂದರೆ ಮೂರರ ಹೆಸರು ಕಲಿಸಿ ಕಳಿಸುತ್ತಾರೆ, ಅಷ್ಟೇ.

ಇನ್ನು ದುಡ್ಡು. ಸಿಸಿಎನ್‌ಎ ಪರೀಕ್ಷೆಯ ಫೀಸೇ 300 ಡಾಲರ್. ನಮ್ಮ ದುಡ್ಡಿನಲ್ಲಿ 25 ಸಾವಿರದ ಮೇಲೆ, ಜೊತೆಗೆ ಟ್ಯಾಕ್ಸ್. ಅಮೆಜಾನ್‌ನ ಕ್ಲೌಡ್ ಪರೀಕ್ಷೆ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್‌ಗೆ 150 ಡಾಲರ್. ನೀವು ಕಟ್ಟುವ 60 ಸಾವಿರದಲ್ಲಿ ಈ ಫೀಸ್ ಸೇರಿದೆಯಾ ಅಂತ ಕೇಳಿ. ಹೆಚ್ಚಿನ ಕಡೆ ಸೇರಿರುವುದಿಲ್ಲ. ಎಕ್ಸಾಮ್‌ಗೆ ಸಪೋರ್ಟ್ ಮಾಡುತ್ತೇವೆ ಅಂತ ತೇಲಿಸಿಬಿಡುತ್ತಾರೆ. ಫೇಲಾದರೆ ಸಿಸ್ಕೋದವರಿಗೆ ಇನ್ನೊಮ್ಮೆ ಪೂರ್ತಿ ಫೀಸ್ ಕಟ್ಟಬೇಕು, ಐದು ದಿನ ಕಾಯಬೇಕು. ಎರಡನೇ ಸಲದ ದುಡ್ಡು ಯಾರದು? ಪಾಠಕ್ಕೆ ಎಷ್ಟು, ಪರೀಕ್ಷೆಗೆ ಎಷ್ಟು, ಜಿಎಸ್‌ಟಿ ಎಷ್ಟು, ಬಿಡಿಸಿ ಬರೆದು ಕೊಡಿ ಅನ್ನಿ. ಚಿಕ್ಕಪ್ಪ ಔಟ್‌ಟರ್ನ್, ಅಂದರೆ ಎಷ್ಟು ಬೀಜ ಇಳಿಯುತ್ತದೆ ಅಂತ, ನೋಡದೆ ಕಾಫಿಗೆ ರೇಟ್ ಒಪ್ಪುತ್ತಾರಾ? ಇಲ್ಲೂ ಹಾಗೇ ಕೂರಬೇಕು.

ದುಡ್ಡಿಲ್ಲ ಅಂದರೆ ಇಎಂಐ ಮಾಡಿಕೊಡುತ್ತೇವೆ ಅನ್ನುತ್ತಾರೆ, ಜೋಪಾನ. ಹೆಚ್ಚಿನ ಕಡೆ ಅದು ಇನ್‌ಸ್ಟಿಟ್ಯೂಟ್ ಕೊಡುವ ಕಂತಲ್ಲ, ಫೈನಾನ್ಸ್ ಕಂಪನಿಯ ಸಾಲ. ಇನ್‌ಸ್ಟಿಟ್ಯೂಟ್‌ಗೆ ಪೂರ್ತಿ ದುಡ್ಡು ಮೊದಲೇ ಹೋಗಿರುತ್ತದೆ. ಕ್ಲಾಸ್ ನಿಂತರೂ ಕಂತು ನಿಲ್ಲುವುದಿಲ್ಲ, ಕಟ್ಟದಿದ್ದರೆ ತಮ್ಮನ ಸಿಬಿಲ್ ಸ್ಕೋರ್ ಕೆಡುತ್ತದೆ. ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಇದೇ ಆಯಿತು. ಪಾಠ ಮಾಡುವವರು ಅರ್ಧಕ್ಕೆ ಬಿಟ್ಟು ಹೋದರು, ಕಂತು ಮಾತ್ರ ವರ್ಷಪೂರ್ತಿ ಹೋಯಿತು. ಹಾಗೇನಾದರೂ ತಕರಾರು ಆದರೆ ಗ್ರಾಹಕರ ಸಹಾಯವಾಣಿ 1915 ಇದೆ. ಆದರೆ ಅಲ್ಲಿ ದೂರು ಕೊಡುವುದಕ್ಕೂ ಕೈಯಲ್ಲಿ ಬಿಲ್ಲು, ಬರವಣಿಗೆ ಇರಬೇಕು. ಫೋನಿನಲ್ಲಿ ಹೇಳಿದ ಗ್ಯಾರಂಟಿಗೆ ಬೆಲೆ ಇಲ್ಲ.

ಈಗ ಮುಖ್ಯವಾದದ್ದು, ಪಾಠ ಮಾಡುವವರು. ಬೋರ್ಡ್ ನೋಡಿ ಸೇರಬೇಡಿ. ಡೆಮೋ ಕ್ಲಾಸ್ ಕೊಡಿ, ಆದರೆ ನಮ್ಮ ಬ್ಯಾಚ್‌ಗೆ ಬರುವವರೇ ಮಾಡಬೇಕು ಅಂತ ಹಟ ಹಿಡಿಯಿರಿ. ಡೆಮೋಗೆ ಒಬ್ಬರು, ಪಾಠಕ್ಕೆ ಇನ್ನೊಬ್ಬರು ಬರುವುದು ಮಾಮೂಲು. ತಮ್ಮ, ಇದು ನಿನಗೆ. ಆ ದಿನ ಒಂದು ಪ್ರಶ್ನೆ ಕೇಳು. ಒಂದೇ ಸ್ವಿಚ್‌ಗೆ ಎರಡು ಕಂಪ್ಯೂಟರ್ ಹಾಕಿದ್ದೇನೆ. ಒಂದರ ಐಪಿ 192.168.1.70, ಇನ್ನೊಂದರದು 192.168.1.130. ಎರಡಕ್ಕೂ ಮಾಸ್ಕ್ /26. ನಡುವೆ ರೌಟರ್ ಇಲ್ಲದೆ ಪಿಂಗ್, ಅಂದರೆ ಒಂದರಿಂದ ಇನ್ನೊಂದಕ್ಕೆ ತಲುಪುತ್ತದಾ ಅಂತ ನೋಡುವ ಸಂದೇಶ, ಹೋಗುತ್ತದಾ? ಹೋಗುವುದಿಲ್ಲ. /26 ಅಂದರೆ 64 ವಿಳಾಸಗಳ ಗುಂಪು. ಕೊನೆಯ ಸಂಖ್ಯೆ ನೋಡು, 70 ಬೀಳುವುದು 64ರಿಂದ 127ರ ಒಳಗೆ, 130 ಬೀಳುವುದು 128ರಿಂದ 191ರ ಒಳಗೆ. ಗುಂಪು ಬೇರೆ ಆದರೆ ನಡುವೆ ರೌಟರ್ ಬೇಕು. ನಾನು ಇಂಟರ್‌ವ್ಯೂನಲ್ಲಿ ಕೇಳುವುದೂ ಇಂಥದ್ದೇ. ಚೆನ್ನಾಗಿ ಹೇಳಿಕೊಡುವವರು ಬಾಯಲ್ಲಿ ಉತ್ತರ ಹೇಳಿ ಸುಮ್ಮನಾಗುವುದಿಲ್ಲ, ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ತೆಗೆದು ಅಲ್ಲೇ ಮಾಡಿ ತೋರಿಸಿ, ಪಿಂಗ್ ಎಲ್ಲಿ ನಿಂತಿತು ಅಂತ ನಿನ್ನ ಬಾಯಿಂದಲೇ ಹೇಳಿಸುತ್ತಾರೆ. ಅದು ಮುಂದೆ ಬರುತ್ತದೆ ಬಿಡು ಅಂದರೆ ನೀನು ಎದ್ದು ಬಾ. ಪ್ಯಾಕೆಟ್ ಟ್ರೇಸರ್ ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಪುಕ್ಕಟೆ ಸಿಗುತ್ತದೆ, ನೆಟ್‌ವರ್ಕಿಂಗ್ ಬೇಸಿಕ್ಸ್ ಕೋರ್ಸೂ ಅಲ್ಲೇ ಪುಕ್ಕಟೆ. ಯಾರಿಗೂ ಒಂದು ರೂಪಾಯಿ ಕೊಡುವ ಮುಂಚೆ ಅದನ್ನು ಮುಗಿಸು. ಅದೇ ಬೇಜಾರು ಬಂದರೆ ಈ ಲೈನೇ ಬೇಡ.

ಡಂಪ್ಸ್ ಕೊಡುತ್ತೇವೆ, ಬಾಯಿಪಾಠ ಮಾಡಿದರೆ ಪಾಸ್ ಗ್ಯಾರಂಟಿ ಅಂತ ಯಾರಾದರೂ ಅಂದರೆ ಆ ಕಡೆ ತಲೆ ಹಾಕಬೇಡ. ಅದು ಕದ್ದ ಪ್ರಶ್ನೆಗಳ ಪಟ್ಟಿ. ಗೊತ್ತಾದರೆ ಕಂಪನಿಯವರು ಸರ್ಟಿಫಿಕೇಟ್ ರದ್ದು ಮಾಡುತ್ತಾರೆ, ಮತ್ತೆ ಬರೆಯಲು ಬಿಡದೆಯೂ ಇರಬಹುದು. ಸಿಕ್ಕಿಬೀಳದಿದ್ದರೂ ಇಂಟರ್‌ವ್ಯೂನಲ್ಲಿ ಐದು ನಿಮಿಷಕ್ಕೆ ಬಣ್ಣ ಬಯಲಾಗುತ್ತದೆ. ನಾನು ನೋಡಿದ್ದೇನೆ, ನೋಡುವವರಿಗೇ ಮುಜುಗರ.

ಇನ್ನು ನಮ್ಮ ಊರಿನ ಕಷ್ಟ. ಶಾಂತಳ್ಳಿ ಕಡೆ ಆಷಾಢದ ಮಳೆ ಹಿಡಿಯಿತು ಅಂದರೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಆನ್‌ಲೈನ್ ಕ್ಲಾಸ್ ಆದರೆ ರೆಕಾರ್ಡಿಂಗ್ ಕೊಡುತ್ತೀರಾ, ಎಷ್ಟು ತಿಂಗಳು ಇರುತ್ತದೆ, ಡೌನ್‌ಲೋಡ್ ಆಗುತ್ತದಾ ಅಂತ ಕೇಳಬೇಕು. ಕಾಫಿ ಹಣ್ಣು ಕೊಯ್ಯುವ ಸಮಯಕ್ಕೆ ಬ್ಯಾಚ್ ಇಟ್ಟುಕೊಳ್ಳಬೇಡಿ, ಆಗ ಅವನು ಓದಿದ ಹಾಗೇ. ಪರೀಕ್ಷೆಯನ್ನು ಮನೆಯಿಂದಲೇ ಬರೆಯುವ ಸೌಲಭ್ಯ ಇದೆ, ಆದರೆ ನಮ್ಮಲ್ಲಿ ಬೇಡ. ನೆಟ್ ಹೋದರೆ ಪರೀಕ್ಷೆ ಅಲ್ಲಿಗೇ ನಿಲ್ಲಬಹುದು. ರೂಮಿಗೆ ಬೇರೆ ಯಾರೂ ಬರಬಾರದು, ಚಿಕ್ಕಮ್ಮ, ನೀವು ಕಾಫಿ ಲೋಟ ಹಿಡಿದುಕೊಂಡು ಒಳಗೆ ಬಂದರೂ ಪರೀಕ್ಷೆ ರದ್ದಾಗಬಹುದು! ಮೈಸೂರಿಗೋ ಬೆಂಗಳೂರಿಗೋ ಹೋಗಿ ಸೆಂಟರ್‌ನಲ್ಲೇ ಬರೆಯಲಿ.

ಹೆಸರಿನ ವಿಷಯವನ್ನೂ ಈಗಲೇ ನೋಡಿಕೊಳ್ಳಿ. ಮಾರ್ಕ್ಸ್ ಕಾರ್ಡ್‌ನಲ್ಲಿ ಊರಿನ ಇನಿಶಿಯಲ್, ಅಪ್ಪನ ಇನಿಶಿಯಲ್, ಆಮೇಲೆ ಹೆಸರು. ಪಾಸ್‌ಪೋರ್ಟ್‌ನಲ್ಲಿ ಎಲ್ಲಾ ಬಿಡಿಸಿ ಬರೆದಿರುತ್ತಾರೆ. ಪರೀಕ್ಷೆಗೆ ರಿಜಿಸ್ಟರ್ ಮಾಡುವ ಹೆಸರು, ಸೆಂಟರ್‌ನಲ್ಲಿ ತೋರಿಸುವ ಗುರುತಿನ ಚೀಟಿಯ ಹೆಸರು ಒಂದೇ ಥರ ಇರಬೇಕು. ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸಬಹುದು, ಫೀಸೂ ಹೋಗುತ್ತದೆ.

ಭಾವ, ನೀವು ಮೊನ್ನೆ ಕೇಳಿದ ಪಿಎಂಪಿ, ಅಂದರೆ ಪ್ರಾಜೆಕ್ಟ್ ನಡೆಸುವವರ ಸರ್ಟಿಫಿಕೇಟ್, ಬೇರೆ ಥರ. ಅದಕ್ಕೆ 35 ಗಂಟೆ ತರಬೇತಿ ಕಡ್ಡಾಯ, ಪ್ರಾಜೆಕ್ಟ್ ನಡೆಸಿದ ಅನುಭವವೂ ಬೇಕು. ಅದನ್ನು ಕೊಡುವ ಪಿಎಂಐ ಸಂಸ್ಥೆಯ ಸೈಟ್‌ನಲ್ಲಿ ಅವರು ಒಪ್ಪಿದ ತರಬೇತಿ ಸಂಸ್ಥೆಗಳ ಪಟ್ಟಿ ಇದೆ, ಅದರಲ್ಲಿ ಹೆಸರು ಹುಡುಕಿ. ನಿಮ್ಮದು ಇನ್ನೊಂದು ದಿನ ಮಾತಾಡೋಣ.

ಚಿಕ್ಕಮ್ಮ, ನಾಳೆ ಅವರ ಫೋನ್ ಬಂದರೆ ಮನೆಯಲ್ಲಿ ಮಾತಾಡಬೇಕು ಅಂತ ಹೇಳಿ ಇಟ್ಟುಬಿಡಿ. ಡಿಸ್ಕೌಂಟ್ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವಾರವೂ ಅದೇ ರೇಟ್ ಹೇಳುತ್ತಾರೆ ನೋಡಿ. ಅವರು ಕಳಿಸಿದ ಸಿಲಬಸ್ ಇದ್ದರೆ ತಮ್ಮ ಇಲ್ಲೇ ಹಾಕಲಿ, ಪಾಠ ಮಾಡುವವರ ಹೆಸರನ್ನೂ ಕೇಳಿ ತಿಳಿಸಲಿ. ರಾತ್ರಿ ಊಟ ಆದಮೇಲೆ ನೋಡಿ ಹೇಳುತ್ತೇನೆ.