ಲಸಿಕೆ ಆದ ಮಕ್ಕಳಿಗೂ ದಡಾರ ಬಂದಿದೆಯಲ್ಲ, ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮಗಳು ಮೂರನೇ ಕ್ಲಾಸು. ಅವಳ ಶಾಲೆಯಲ್ಲಿ ಏಳು ಮಕ್ಕಳಿಗೆ ದಡಾರ ಬಂದಿದೆ. ಅದರಲ್ಲಿ ಮೂವರಿಗೆ ಲಸಿಕೆ ಆಗಿತ್ತಂತೆ. ಹಾಗಾದ್ರೆ ಲಸಿಕೆ ಹಾಕಿಸಿ ಏನು ಬಂತು ಅಂತ ಎಲ್ಲ ಪೋಷಕರೂ ಕೇಳುತ್ತಿದ್ದಾರೆ. ಇವಳಿಗೆ ಎರಡೂ ಡೋಸ್ ಆಗಿದೆ. ಶಾಲೆಗೆ ಕಳಿಸಲಾ?

ಮಕ್ಕಳ ಡಾಕ್ಟರ್: ಎರಡೂ ಆಗಿದ್ದರೆ ಧೈರ್ಯವಾಗಿ ಕಳಿಸಿ ಮೇಡಂ. ಏಳರಲ್ಲಿ ಮೂರು ಅಂದಾಗ ಭಯ ಆಗುವುದು ಸಹಜ. ಆದರೆ ಆ ಲೆಕ್ಕದಲ್ಲಿ ಕಾಯಿಲೆ ಬಾರದ ಮಕ್ಕಳನ್ನು ಯಾರೂ ಎಣಿಸಿಲ್ಲ.

ನೂರು ಮಕ್ಕಳು ಅಂದುಕೊಳ್ಳಿ. 95 ಮಕ್ಕಳಿಗೆ ಎರಡು ಡೋಸ್ ಆಗಿದೆ, ಐವರಿಗೆ ಒಂದೂ ಇಲ್ಲ. ವೈರಸ್ ಎಲ್ಲರ ಹತ್ತಿರಕ್ಕೂ ಬಂತು. ಲಸಿಕೆ ಇಲ್ಲದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅಂಟುತ್ತದೆ. ಅಂದರೆ ಐವರಲ್ಲಿ ನಾಲ್ಕೈದು ಮಕ್ಕಳು ಮಲಗಿದರು. ಎರಡು ಡೋಸ್ ನೂರಕ್ಕೆ ಸುಮಾರು 97 ಮಕ್ಕಳನ್ನು ಕಾಪಾಡುತ್ತದೆ. ಹಾಗಾಗಿ ಆ 95ರಲ್ಲಿ ಮೂವರಿಗೆ ಬರಬಹುದು. ನಿಮ್ಮ ಶಾಲೆಯ ಏಳು, ಮೂರು ಇದೇ ಲೆಕ್ಕಕ್ಕೆ ಹತ್ತಿರ ಬಂತು, ಅಲ್ವಾ? ಉಳಿದ 92 ಮಕ್ಕಳು ಚೆನ್ನಾಗಿದ್ದಾರೆ.

ಒಂದೇ ಡೋಸ್ ಆದವರ ಕಥೆ ಬೇರೆ. ಒಂದು ವರ್ಷಕ್ಕೆ ಹಾಕಿಸಿದರೆ ನೂರಕ್ಕೆ 93ರಷ್ಟು, ಒಂಬತ್ತು ತಿಂಗಳಿಗೆ ಹಾಕಿಸಿದರೆ 85ರಷ್ಟು ಮಕ್ಕಳಿಗೆ ಮಾತ್ರ ರಕ್ಷಣೆ. 1985ರಲ್ಲಿ ಅಮೆರಿಕದ ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ ಶೇ. 99ಕ್ಕಿಂತ ಜಾಸ್ತಿ ಲಸಿಕೆ ಆಗಿದ್ದ ಶಾಲಾ ಮಕ್ಕಳಲ್ಲೇ ದಡಾರ ಹರಡಿತು. ರಕ್ತ ಪರೀಕ್ಷೆ ಮಾಡಿದಾಗ ಸುಮಾರು ಶೇ. 4ರಷ್ಟು ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಕಾಣಲಿಲ್ಲ. ಕಾಯಿಲೆ ಬಂದದ್ದು ಅಂಥವರಿಗೇ. ಮೊದಲ ಡೋಸ್ ಹಿಡಿಯದ ಮಕ್ಕಳಿಗೆ ಇನ್ನೊಂದು ಅವಕಾಶ ಕೊಡುವುದಕ್ಕೇ ಎರಡನೇ ಡೋಸ್ ಇರುವುದು. ಅದನ್ನು ಸುಮ್ನೆ ಬೂಸ್ಟರ್ ಅಂದುಕೊಂಡು ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ಮೈಮೇಲೆ ಗುಳ್ಳೆ ಏಳುವ ಮುಂಚೆ ಗೊತ್ತಾಗುತ್ತಾ? ನನ್ನ ಮಗನಿಗೆ ಲಸಿಕೆನೇ ಆಗಿಲ್ಲ. ನಿನ್ನೆ ಅವನ ಪಕ್ಕ ಕೂರುವ ಹುಡುಗನಿಗೆ ದಡಾರ ಅಂತ ಗೊತ್ತಾಯ್ತು.

ಮಕ್ಕಳ ಡಾಕ್ಟರ್: ಮೊದಲು ಜೋರು ಜ್ವರ, ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗುವುದು. ಟಾರ್ಚ್ ಹಿಡಿದು ಕೆನ್ನೆಯ ಒಳಗೆ ನೋಡಿ. ಕೆಂಪು ಚರ್ಮದ ಮೇಲೆ ಉಪ್ಪಿನ ಕಾಳು ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣಬಹುದು. ಆದರೆ ಗುಳ್ಳೆ ಏಳುವ ನಾಲ್ಕು ದಿನ ಮೊದಲೇ ಮಗು ಬೇರೆಯವರಿಗೆ ಹರಡುತ್ತಿರುತ್ತದೆ. ಅದು ಕೆಮ್ಮಿ ಹೋದ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆವರೆಗೂ ಇರಬಲ್ಲದು. ಹಾಗಾಗಿ ಕಾಯಬೇಡಿ. ಸಂಪರ್ಕ ಆಗಿ 72 ಗಂಟೆಯೊಳಗೆ ಲಸಿಕೆ ಹಾಕಿಸಿದರೆ ಕಾಯಿಲೆ ತಪ್ಪುವ ಸಾಧ್ಯತೆ ಇದೆ. ಇವತ್ತೇ ಹೋಗಿ. ಅವಧಿ ದಾಟಿದ್ದರೂ ಹೋಗಿ, ಮುಂದಕ್ಕೆ ಬೇಕಾಗುತ್ತದೆ. ಜ್ವರ ಇದ್ದರೆ ಮೊದಲೇ ಫೋನ್ ಮಾಡಿ ಹೋಗಿ. ಕಾಯುವ ಜಾಗದಲ್ಲಿ ಕೈಗೂಸುಗಳಿರುತ್ತವೆ.

ಮೊದಲು ಕೇಳಿದ ಮೇಡಂ, ನೀವು ಎರಡೂ ಡೋಸ್ ಆಗಿದೆ ಅಂದಿದ್ದು ನೆನಪಿನಿಂದಲೋ, ಕಾರ್ಡ್ ನೋಡಿಯೋ?

ಪ್ರಶ್ನೆ ಕೇಳಿದವರು: ಈಗ ಕಾರ್ಡ್ ತೆಗೆದು ನೋಡಿದೆ ಡಾಕ್ಟ್ರೇ. ಒಂಬತ್ತನೇ ತಿಂಗಳ ಮುಂದೆ ತಾರೀಖಿದೆ. ಅದರ ಕೆಳಗಿನ ಚೌಕ ಖಾಲಿ.

ಮಕ್ಕಳ ಡಾಕ್ಟರ್: ತಡವಾಗಿಲ್ಲ. ಎರಡು ಡೋಸ್ ನಡುವೆ ನಾಲ್ಕು ವಾರ ಇದ್ದರೆ ಸಾಕು, ಜಾಸ್ತಿ ಆದರೂ ಮೊದಲಿಂದ ಶುರು ಮಾಡಬೇಕಿಲ್ಲ. ನಾಳೆ ಬೆಳಗ್ಗೆ ಶಾಲೆಗಿಂತ ಮುಂಚೆ ಲಸಿಕೆಗೆ ಕರೆದುಕೊಂಡು ಹೋಗಿ.